ಒಂದನೇ ಸಲ, ಎರಡನೇ ಸಲ, ಮೂರನೇ ಸಲ... ಸದಸ್ಯ!

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಬಾರದು ಎನ್ನುತ್ತದೆ ಕಾನೂನು. ಊರಿಗೆ ರಾಜಕೀಯ ನುಗ್ಗಬಾರದಲ್ಲವೇ? 2020ರ ಡಿಸೆಂಬರ್‌ನಲ್ಲಿ ನಮ್ಮ ಕೆಲವು ಊರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚುನಾವಣೆಯನ್ನೇ ನುಗ್ಗಗೊಡಲಿಲ್ಲ. ಗುಡಿಯ ಕಟ್ಟೆಯ ಮೇಲೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿ ಮುಗಿಸಿದವು.

ಎಷ್ಟು ಪಾರದರ್ಶಕ ನೋಡಿ! ಮತಗಟ್ಟೆಯಲ್ಲಿ ಯಾರು ಯಾರಿಗೆ ಒತ್ತಿದರೆಂದು ದೇವರಿಗೂ ತಿಳಿಯದು. ಇಲ್ಲಿ ದೇವರೆದುರೇ ಸವಾಲು. ಹಣವೂ ಗುಡಿಯ ಜೀರ್ಣೋದ್ಧಾರಕ್ಕೆ. ಮನೆಮನೆಗೆ ಹಂಚಿದರೆ ಅದು ಲಂಚ, ಗೋಪುರಕ್ಕೆ ಕೊಟ್ಟರೆ ಕಾಣಿಕೆ. ಆಗ ಸದಸ್ಯನ ಗೌರವಧನ ತಿಂಗಳಿಗೆ 1000 ರೂಪಾಯಿ. ಐದು ವರ್ಷ ಒಂದು ಪೈಸೆ ಖರ್ಚು ಮಾಡದೆ ಕೂಡಿಟ್ಟರೂ 60,000. ಅದಕ್ಕೆ ಲಕ್ಷಗಟ್ಟಲೆ ಕೂಗುವವರನ್ನು ಕಂಡು ನರೇಗಾ ಕಾಮಗಾರಿಯ ಹೆಸರೆತ್ತುವವರ ಮನಸ್ಸೇ ಕೊಳಕು. ಇದು ಅಪ್ಪಟ ಸೇವಾಕಾಂಕ್ಷೆ.

ಮೀಸಲಾತಿಗೂ ಚ್ಯುತಿಯಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೇ. ಆ ಸ್ಥಾನಗಳಿಗೆ ಸವಾಲು ಕೂಗುವವರು ಗಂಡಂದಿರು, ಅಷ್ಟೇ. ಗೆದ್ದಾಕೆಗೆ ಸುದ್ದಿ ಸಂಜೆ ರೊಟ್ಟಿ ಬಡಿಯುವಾಗ ತಲುಪುತ್ತದೆ: ‘ನಾಳೆ ನಾಮಪತ್ರ ಹಾಕಲು ಹೋಗಬೇಕು, ಆಧಾರ್ ಕಾರ್ಡ್ ಹುಡುಕಿಡು.’ ಬಡವರು ಕೂಗಬಾರದೆಂದು ಯಾರೂ ಹೇಳಿಲ್ಲ. ಅವರೇ ಕೂಗುತ್ತಿಲ್ಲ.

ರಾಜ್ಯ ಚುನಾವಣಾ ಆಯೋಗ ಇದು ಅಪರಾಧವೆಂದು ಎಚ್ಚರಿಸಿತು, ಜಿಲ್ಲಾಧಿಕಾರಿಗಳಿಗೆ ಕಣ್ಣಿಡಲು ಹೇಳಿತು. ಆದರೆ ಚುನಾವಣಾಧಿಕಾರಿಯ ಮೇಜಿಗೆ ಬರುವುದು ಏನು? ಒಂದು ಸ್ಥಾನ, ಒಂದು ನಾಮಪತ್ರ. ಮತದಾನ ಬೇಕಿಲ್ಲ, ನೇರವಾಗಿ ‘ಅವಿರೋಧ ಆಯ್ಕೆ’. ಎಂತಹ ಸೌಹಾರ್ದ! ಕೂಗಿದ ಮೊತ್ತ ಬರೆಯಲು ಆ ಅರ್ಜಿಯಲ್ಲಿ ಕಾಲಂ ಇಲ್ಲದಿರುವುದು ಇಲಾಖೆಯ ಲೋಪ.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುವಾಗ ಎಲ್ಲೋ ಒಬ್ಬ ತರಲೆ ಹುಡುಗ ಎದ್ದು, 200 ರೂಪಾಯಿ ಠೇವಣಿ ಕಟ್ಟಿ ನಾಮಪತ್ರ ಹಾಕಿಬಿಡುತ್ತಾನೆ. ಊರಿನ ಒಗ್ಗಟ್ಟು ಒಡೆಯುವವನು ಇಂಥವನೇ. ಹಿರಿಯರು ರಾತ್ರಿ ಅವನ ಮನೆಗೆ ಹೋಗಿ ಕೂರುತ್ತಾರೆ. ಅವನ ಅಪ್ಪನ ಸಾಲ, ತಂಗಿಯ ಮದುವೆ, ಹೊಲಕ್ಕೆ ಹೋಗುವ ದಾರಿ ಯಾರ ಜಮೀನಿನಲ್ಲಿದೆ ಎಂಬುದು, ಹೀಗೆ ಪ್ರೀತಿಯಿಂದ ನಾಲ್ಕು ಮಾತು. ಮರುದಿನ ನಾಮಪತ್ರ ವಾಪಸ್. ಠೇವಣಿಯನ್ನು ಸರ್ಕಾರವೇ ಹಿಂದಿರುಗಿಸುತ್ತದೆ. ನಾಮಪತ್ರಕ್ಕೆಂದು ಓಡಾಡಿದ ಆಟೋ ಖರ್ಚನ್ನು ಹರಾಜಿನ ಹಣದಲ್ಲೇ ಕೊಡಲು ಹಿರಿಯರು ದೊಡ್ಡ ಮನಸ್ಸು ಮಾಡಿದ್ದಾರೆ.