ಸಮನ್ವಯದ ಊಟಕ್ಕೆ ಖಡಕ್ ರೊಟ್ಟಿ

ಜೋಳದ ರೊಟ್ಟಿ ಉತ್ಪಾದನೆಯೋ ಸೇವೆಯೋ ಎಂಬ ಪ್ರಶ್ನೆ ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಅತ್ತಿಗೆ ರೊಟ್ಟಿ ಮಾಡುವ ಯಂತ್ರಕ್ಕೆ ಸಾಲ ಕೇಳಲು ಹೋದ ದಿನ ಅದು ಎದ್ದು ಕುಳಿತಿತು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ ಎಂದು ಯೋಜನಾ ವೆಚ್ಚದ ಮಿತಿ ಬೇರೆ ಬೇರೆ ಇರುವುದರಿಂದ, ಅರ್ಜಿಯಲ್ಲಿ ಎರಡರಲ್ಲೊಂದಕ್ಕೆ ಗುರುತು ಹಾಕಲೇಬೇಕು. ಅತ್ತಿಗೆಗೆ ಬೇಕಾಗಿದ್ದುದು ಬರೀ 3 ಲಕ್ಷ. ಆದರೂ ಗುಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಒಣಗಿಸಿ ಪ್ಯಾಕ್ ಮಾಡಿದ್ರ ಉತ್ಪಾದನೆ ಆಗ್ತದ್ರೀ ಅಕ್ಕಾರ, ಬಿಸಿ ಇದ್ದಾಗ ತಾಟಿಗೆ ಹಾಕಿದ್ರ ಸೇವೆ" ಎಂದು ತೀರ್ಪು ಕೊಟ್ಟರು. ಮೆತ್ತನೆಯ ರೊಟ್ಟಿಯನ್ನು ಕಟ್ಟಿಸಿಕೊಂಡು ಹೋಗುವ ಗಿರಾಕಿಯ ವಿಷಯವನ್ನು ಮೇಲಧಿಕಾರಿಗಳ ಅಭಿಪ್ರಾಯಕ್ಕೆ ಕಾಯ್ದಿರಿಸಲಾಯಿತು.

ಸಣ್ಣ ಉದ್ದಿಮೆಗೆ ಆಸರೆಯಾಗುವವರು ಈ ನಾಡಿನಲ್ಲಿ ಕಡಿಮೆಯಿದ್ದಾರೆ ಎಂದು ಯಾರೂ ದೂರುವಂತಿಲ್ಲ. ಎಲ್ಲ ನೆರವೂ ಒಂದೇ ಸೂರಿನಡಿ ಸಿಗಲಿ ಎಂದು 1978ರಲ್ಲಿಯೇ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಹುಟ್ಟಿದವು. ಸೂರು ಒಂದೇ ಆದರೆ ಗೋಡೆಗಳಿಗೆ ಬೇಸರವಾದೀತೆಂದೋ ಏನೋ, ಸಾಲಕ್ಕೆ ಹಣಕಾಸು ಸಂಸ್ಥೆ, ಜಾಗಕ್ಕೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಶೆಡ್ಡಿಗೆ ಸಣ್ಣ ಕೈಗಾರಿಕೆಗಳ ನಿಗಮ, ತರಬೇತಿಗೆ ಉದ್ಯಮಶೀಲತಾ ಕೇಂದ್ರ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸಂಜೀವಿನಿ, ಆಹಾರ ಸಂಸ್ಕರಣೆಯ ಸಬ್ಸಿಡಿಗೆ ಕೃಷಿ ಇಲಾಖೆ ಎಂದು ಬೇರೆ ಬೇರೆ ಸೂರುಗಳೂ ಇವೆ. ಮೇಲೆ ಹೇಳಿದ ಒಂದೇ ಉದ್ಯೋಗ ಸೃಜನ ಕಾರ್ಯಕ್ರಮವನ್ನು ಖಾದಿ ಆಯೋಗ, ಖಾದಿ ಮಂಡಳಿ, ಕೈಗಾರಿಕಾ ಕೇಂದ್ರ, ಸಾಲದ್ದಕ್ಕೆ ತೆಂಗಿನ ನಾರು ಮಂಡಳಿ, ಹೀಗೆ ನಾಲ್ವರು ಹೊತ್ತಿದ್ದಾರೆ. ನಾಲ್ವರು ಹೊತ್ತು ನಡೆಯುವುದನ್ನು ನಮ್ಮ ಕಡೆ ಬೇರೆ ಸಂದರ್ಭದಲ್ಲಿ ನೋಡಿ ರೂಢಿಯಿದ್ದುದರಿಂದ ಅತ್ತಿಗೆ ಮೊದಲಿಗೆ ಸ್ವಲ್ಪ ಹೆದರಿದರು.

ಇಷ್ಟು ಬಾಗಿಲುಗಳ ಗೊಂದಲ ತಪ್ಪಿಸಲೆಂದೇ ಏಕಗವಾಕ್ಷಿ ಬಂದದ್ದು. ಅದಕ್ಕೆ 2002ರ ಕಾಯ್ದೆಯೇ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ, ರಾಜ್ಯ ಮಟ್ಟದಲ್ಲಿ ಇನ್ನೊಂದು ಸಮಿತಿ, ಅದರ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ, ಒಟ್ಟು ಮೂರು ಏಕಗವಾಕ್ಷಿಗಳು. ಗವಾಕ್ಷವೆಂದರೆ ಆಕಳ ಕಣ್ಣು ಎಂದು ಪಂಡಿತರು ಪದ ಬಿಡಿಸುತ್ತಾರೆ, ಮತ್ತು ಅದು ನಿಜ: ಅದು ಬಹಳ ಹೊತ್ತು ನಿಮ್ಮನ್ನು ಕರುಣೆಯಿಂದ ನೋಡುತ್ತದೆ, ಏನನ್ನೂ ಹೇಳುವುದಿಲ್ಲ. ಉಡುಪಿಯಲ್ಲಿ ಕನಕದಾಸರಿಗಾಗಿ ಕಿಂಡಿಯ ಕಡೆಗೆ ದೇವರೇ ತಿರುಗಿದನೆಂಬ ಪ್ರತೀತಿಯಿದೆ. ಇಲ್ಲಿ ಕಿಂಡಿಯಿಂದ ಕಿಂಡಿಗೆ ಭಕ್ತರೇ ತಿರುಗಬೇಕು.

ಅತ್ತಿಗೆ ತಿರುಗಿದ ಆರು ವಾರಗಳಲ್ಲಿ ಪ್ರತಿ ಮೇಜಿನಲ್ಲೂ ಸಿಕ್ಕ ಉತ್ತರ ಒಂದೇ: "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರೀ." ಯಾವ ಮೀಟಿಂಗು ಎಂದು ಒಮ್ಮೆ ತಾಳ್ಮೆಗೆಟ್ಟು ಕೇಳಿದಾಗ, ಸಮನ್ವಯ ಸಭೆ ಎಂದು ತಿಳಿಯಿತು. ಅಂದರೆ ಉದ್ಯಮಿಯೊಬ್ಬಳು ಮೇಜಿನಿಂದ ಮೇಜಿಗೆ ಅಲೆಯುವುದನ್ನು ತಪ್ಪಿಸುವುದು ಹೇಗೆಂದು ಚರ್ಚಿಸಲು ಎಲ್ಲ ಮೇಜಿನವರೂ ಒಂದೇ ಸಭಾಂಗಣದಲ್ಲಿ ಸೇರಿದ್ದರು, ಆದ್ದರಿಂದ ಯಾವ ಮೇಜಿನಲ್ಲೂ ಯಾರೂ ಇರಲಿಲ್ಲ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸುವುದು, ಅನುಪಾಲನಾ ವರದಿ ತಾರದವರಿಗೆ ನೋಟಿಸು ಕೊಡುವುದು, ಬ್ಯಾಂಕಿನವರು ಇಲಾಖೆಯವರ ಮೇಲೂ ಇಲಾಖೆಯವರು ಬ್ಯಾಂಕಿನವರ ಮೇಲೂ ಬಾಕಿ ಅರ್ಜಿಗಳ ಲೆಕ್ಕ ಹೊರಿಸುವುದು, ಕೊನೆಗೆ ಸಮನ್ವಯದ ಕೊರತೆಯನ್ನು ನೀಗಿಸಲು ಉಪಸಮಿತಿ ರಚಿಸುವುದು, ಇವಿಷ್ಟು ಮುಗಿಯುವುದರೊಳಗೆ ಮುಂದಿನ ಸಭೆಯ ದಿನ ಬಂದಿರುತ್ತದೆ.

ಈ ನಡುವೆ, ಯಾವ ಯೋಜನೆಯ ನೆರವೂ ಇಲ್ಲದೆ ಏಳಿಗೆಯಾದ ಉದ್ದಿಮೆಯೊಂದನ್ನು ನಾನು ಕಣ್ಣಾರೆ ಕಂಡೆ. ಅದು ಕಚೇರಿಯ ಕಾಂಪೌಂಡಿಗೆ ಆತುಕೊಂಡಿರುವ ಝೆರಾಕ್ಸ್ ಅಂಗಡಿ. ಅದರ ಹುಡುಗನಿಗೆ ಯಾವ ಕಡತ ಯಾವ ಮೇಜಿನಲ್ಲಿದೆ, ಯಾವ ಬ್ಯಾಂಕಿಗೆ ಕೊಟೇಶನ್ ಎಷ್ಟು ಪ್ರತಿ ಬೇಕು, ಯಾವ ಸಾಹೇಬರು ಯಾವ ವಾರ ರಜೆ ಎಂಬುದೆಲ್ಲ ಬಾಯಿಪಾಠ. ಹಪ್ಪಳ, ಹಾಲಿನ ಡೇರಿ, ಫೋಟೋ ಸ್ಟುಡಿಯೋ ಎಲ್ಲಕ್ಕೂ ಆತ ಒಂದೇ ಪ್ರಾಜೆಕ್ಟ್ ರಿಪೋರ್ಟ್ ಇಟ್ಟುಕೊಂಡಿದ್ದು, ಹೆಸರು ಮಾತ್ರ ಬದಲಿಸುತ್ತಾನೆ. ಅತ್ತಿಗೆಯ ವರದಿಯ ಏಳನೆಯ ಪುಟದಲ್ಲಿ ರೊಟ್ಟಿಗಳಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಲಾಗುವುದು ಎಂದಿತ್ತು. ಯಾವ ಕಚೇರಿಯೂ ಅದಕ್ಕೆ ಆಕ್ಷೇಪವೆತ್ತಲಿಲ್ಲ. ಸರ್ಕಾರದ ಜಾಲತಾಣದಲ್ಲಿ ಬಿಡಿಗಾಸಿಲ್ಲದೆ ಆಗುವ ಉದ್ಯಮ್ ನೋಂದಣಿಗೆ ಆತ 500 ರೂಪಾಯಿ ತೆಗೆದುಕೊಂಡ. ನನಗೆ ಅದು ದುಬಾರಿ ಎನಿಸಲಿಲ್ಲ. ಇಡೀ ಆವರಣದಲ್ಲಿ ಸಮನ್ವಯ ಮಾಡುತ್ತಿದ್ದವನು ಅವನೊಬ್ಬನೇ.

ಸಾಲ ಇನ್ನೂ ಬಂದಿಲ್ಲ, ಆದರೆ ಇಲಾಖೆ ಅತ್ತಿಗೆಯನ್ನು ಪೂರಾ ಕೈಬಿಟ್ಟಿತೆಂದರೆ ಅನ್ಯಾಯವಾದೀತು. ಸಮನ್ವಯ ಸಭೆಯ ಮಧ್ಯಾಹ್ನದ ಊಟಕ್ಕೆ ಸ್ಥಳೀಯ ಉದ್ಯಮಿಗಳನ್ನೇ ಪ್ರೋತ್ಸಾಹಿಸಬೇಕೆಂದು ನಿರ್ಣಯವಾಗಿ, 200 ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಅವರಿಗೇ ಆರ್ಡರು ಬಂತು. ಕೈಯಿಂದಲೇ ಬಡಿದು ರಾತ್ರಿಯೆಲ್ಲ ನಿದ್ದೆಗೆಟ್ಟು ಕೊಟ್ಟರು. ಎಲ್ಲರೂ ಚಪ್ಪರಿಸಿ ತಿಂದು, ಇಂಥವರಿಗೆ ಬೆಂಬಲ ಸಿಗಬೇಕು ಎಂದು ಕೈ ತೊಳೆದುಕೊಂಡರು. ಬಿಲ್ಲು ಮಾತ್ರ, ಒಣ ರೊಟ್ಟಿಯೂ ಮೆತ್ತನೆಯ ರೊಟ್ಟಿಯೂ ಒಂದೇ ತಲೆಬರಹದಡಿ ಬಂದಿವೆ ಎಂಬ ಆಕ್ಷೇಪಣೆಯೊಂದಿಗೆ ಮರಳಿತು.

ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು ಖರೀದಿದಾರರು 45 ದಿನ ಮೀರುವಂತಿಲ್ಲ. ಐವತ್ತೆರಡನೆಯ ದಿನ ಅತ್ತಿಗೆ ಹೋಗಿ ವಿಚಾರಿಸಿದರು. ಗುಮಾಸ್ತರು ಎದ್ದು ಕುರ್ಚಿ ಕೊಟ್ಟು, ನೀರು ತರಿಸಿ, ಇಂಥ ಬಾಕಿಗೆಂದೇ ಕೇಂದ್ರ ಸರ್ಕಾರ ದೂರು ಕೊಡುವ ಜಾಲತಾಣವೊಂದನ್ನು ತೆರೆದಿರುವುದನ್ನು ವಿವರಿಸಿದರು. ಅದರ ಹೆಸರು 'ಸಮಾಧಾನ್'.

"ಹೊರಗ ಝೆರಾಕ್ಸ್ ಅಂಗಡ್ಯಾಗ ತುಂಬಿ ಕೊಡ್ತಾರ್ರೀ ಅಕ್ಕಾರ."