ದಕ್ಕೆಯ ತುಂಡನ್ನು ನೋಡುವವರು ಗುಡ್ಡದ ದಾರಿಯನ್ನು ಏಕೆ ಕೇಳುವುದಿಲ್ಲ?

ಅಮೆರಿಕದ ಆರೆಗಾನ್ ಕರಾವಳಿಯ ನ್ಯೂಪೋರ್ಟ್‌ನಿಂದ ಈಗಷ್ಟೇ ಮನೆಗೆ ಮರಳಿದ್ದೇನೆ. ಮನಸ್ಸಿನ ಕಸಿವಿಸಿ ಇನ್ನೂ ಇಳಿದಿಲ್ಲ. 2011ರ ಸುನಾಮಿಗೆ ಜಪಾನಿನ ಮಿಸಾವಾ ಬಂದರಿನಿಂದ ಕಿತ್ತುಹೋಗಿ, 15 ತಿಂಗಳು ತೇಲಿ, 2012ರ ಜೂನ್‌ನಲ್ಲಿ ಇಲ್ಲಿನ ಅಗೇಟ್ ಬೀಚಿಗೆ ಬಂದು ಬಿದ್ದ, ದೋಣಿ ನಿಲ್ಲಿಸುವ ಕಾಂಕ್ರೀಟ್ ದಕ್ಕೆಯ ಒಂದು ತುಂಡನ್ನು ಹ್ಯಾಟ್‌ಫೀಲ್ಡ್ ಸಾಗರ ವಿಜ್ಞಾನ ಕೇಂದ್ರದಲ್ಲಿ ನೆನಪಿಗೆಂದು ಇರಿಸಿದ್ದಾರೆ. ಅದರೆದುರು ಒಂದು ಕುಟುಂಬ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿತ್ತು. ಈಗ ಭೂಮಿ ನಡುಗಿದರೆ ಯಾವ ಕಡೆ ಓಡುತ್ತೀರಿ ಎಂದು ಕೇಳಿದೆ. ಅವರು ಗುಡ್ಡದತ್ತ ಅಲ್ಲ, ತಮ್ಮ ಕಾರಿನತ್ತ ಕೈ ತೋರಿಸಿದರು.

ನಾನು ಮಲ್ಪೆಯ ದಕ್ಕೆಯಲ್ಲೇ ಬೆಳೆದವನು. ಆದರೂ 2012ರಲ್ಲಿ, ಸುಮಾರು 20 ಮೀಟರ್ ಉದ್ದದ ಆ ದಕ್ಕೆಯನ್ನು ನೋಡಲು ಎರಡು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ಹೋದಾಗ, ಎತ್ತರದ ಜಾಗ ಎಲ್ಲಿದೆಯೆಂದು ನಾನೂ ತಿರುಗಿ ನೋಡಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಅವಶೇಷಗಳನ್ನು ಕುರಿತ ಕುತೂಹಲ ತಪ್ಪಲ್ಲ. 2011ರ ಸುನಾಮಿಗೆ ಸುಮಾರು 50 ಲಕ್ಷ ಟನ್ ಅವಶೇಷ ಕಡಲು ಸೇರಿತೆಂದು ಜಪಾನ್ ಸರ್ಕಾರ ಅಂದಾಜಿಸಿತ್ತು. ದಕ್ಕೆಗೆ ಅಂಟಿ ಬಂದ ಜಪಾನಿನ ಪಾಚಿ, ಚಿಪ್ಪುಜೀವಿಗಳು ಇಲ್ಲಿ ನೆಲೆಯೂರಬಾರದೆಂದು ಅವನ್ನು ಕೆರೆದು ತೆಗೆದು, ಮರಳಿನಲ್ಲಿ ಆಳವಾಗಿ ಹೂತರು. ಆದರೆ ಅವಶೇಷ ಬರಲು ತಿಂಗಳುಗಳೇ ಬೇಕು. ಈ ದಂಡೆಯ ಎದುರಿಗೇ ಕಡಲ ತಳದಲ್ಲಿರುವ ಕ್ಯಾಸ್ಕೇಡಿಯಾ ಎಂಬ ಭೂಕಂಪದ ಬಿರುಕು ಕಂಪಿಸಿದರೆ ಅಲೆ ಬರಲು ಕೆಲವೇ ನಿಮಿಷಗಳು ಸಾಕು. ಅದು 1700ರ ಜನವರಿ 26ರಂದು ಕೊನೆಯ ಬಾರಿ ದೊಡ್ಡದಾಗಿ ಕಂಪಿಸಿದ್ದು, ಆ ದಿನಾಂಕ ನಮಗೆ ಸಿಕ್ಕಿದ್ದು ಜಪಾನಿನ ಹಳೆಯ ದಾಖಲೆಗಳಿಂದ. ಅಂದು ಇಲ್ಲಿಂದ ಹೊರಟ ಅಲೆ ಅವರ ದಂಡೆಯನ್ನು ಬಡಿದಿತ್ತು.

ಫೋನಿಗೆ ಎಚ್ಚರಿಕೆ ಬರುತ್ತದೆ, ಸೈರನ್ ಇದೆ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ದೂರದ ಸುನಾಮಿಗೆ ಆ ಮಾತು ಸರಿ. 2011ರಲ್ಲಿ ಇಲ್ಲಿನವರಿಗೆ ಗಂಟೆಗಟ್ಟಲೆ ಸಮಯವಿತ್ತು. ಹಾಗಿದ್ದೂ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯ ಅಳಿವೆಯಲ್ಲಿ ಅಲೆಯ ಚಿತ್ರ ತೆಗೆಯಲು ಹೋದ ಯುವಕನೊಬ್ಬ ಕೊಚ್ಚಿಹೋದ. ಹತ್ತಿರದ ಕಂಪನಕ್ಕಾದರೆ ನೆಲದ ನಡುಕವೇ ಎಚ್ಚರಿಕೆ. ಫೋನ್ ನೋಡುತ್ತ ನಿಲ್ಲುವ ಪ್ರತಿ ನಿಮಿಷವೂ ಗುಡ್ಡದ ದಾರಿಯಲ್ಲಿ ಕಳೆದುಕೊಂಡ ನಿಮಿಷ.

ಊರಿನಿಂದ ಬಂದಿರುವ ಅಮ್ಮನೂ ಇಂದು ಜೊತೆಗಿದ್ದರು. ಅವರಿಗೆ ಮೊಣಕಾಲು ನೋವು. ಸುನಾಮಿ ಬಂದರೆ ಜನ ಏರಬೇಕಾದ ಸೇಫ್ ಹೇವನ್ ಗುಡ್ಡದ ಕಡೆಗೆ ನಡೆದು ನೋಡಿದೆವು. ಅರ್ಧ ದಾರಿಯಲ್ಲೇ ಅವರು ಕುಳಿತುಬಿಟ್ಟರು. ಹಿಂದಿರುಗಿ, ಸುನಾಮಿ ಬಂದಾಗ ಜನರು ಏರಿ ನಿಲ್ಲಲೆಂದೇ ಚಾವಣಿಯನ್ನು ಗಟ್ಟಿಯಾಗಿ ಕಟ್ಟಿರುವ ಕೇಂದ್ರದ ಹೊಸ ಕಟ್ಟಡದತ್ತ ಅವರನ್ನು ನಡೆಸಿದೆ. ಅಲ್ಲಿ ಮೇಲೇರಲು ಮೆಟ್ಟಿಲಲ್ಲದೆ ಇಳಿಜಾರು ದಾರಿಯೂ ಇದೆ. ಕೋಲೂರಿಕೊಂಡು ಅದರ ಬುಡ ಮುಟ್ಟಲು ಅಮ್ಮನಿಗೆ 6 ನಿಮಿಷ ಹಿಡಿಯಿತು.