ಕಾರಣ ಹುಡುಗರಿಗೆ ಹೇಳಿದ್ರು, ನನಗೆ ಹೇಳಲಿಲ್ಲ

ಮಧ್ಯಾಹ್ನದಿಂದ ಕೈ ನಡುಗ್ತಿದೆ. ಬಿಪಿ ನೋಡ್ಕೊಂಡೆ, ಸರಿಯಾಗೇ ಇದೆ. ಇದು ಸಿಟ್ಟು. ಗಂಡಸಾದ ನನಗೆ ಎದೆ ಯಾಕೆ ಹೆಂಗಸರ ಥರ ಬೆಳೀತು ಅನ್ನೋದನ್ನ ಆ ಹಾರ್ಟ್ ಡಾಕ್ಟ್ರು ಸುತ್ತ ನಿಂತಿದ್ದ ಕಲಿಯೋ ಹುಡುಗರಿಗೆ ಹೇಳಿದ್ರು. ಎದುರಿಗೆ ಕೂತಿದ್ದ ನನಗೆ ಹೇಳಲಿಲ್ಲ.

ನನ್ನ ಹೃದಯದಲ್ಲಿ ಲೋಹದ ವಾಲ್ವ್ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ ಬ್ಲಡ್ ಥಿನ್ನರ್ ಮಾತ್ರೆ ತಗೋತೀನಿ. ಬೆಳೆದ ಎದೆಯನ್ನ ಆಪರೇಷನ್ ಮಾಡಿ ತೆಗೆಸೋಣ ಅಂತ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟ್ರ ಹತ್ರ ನಾನು ಕೇಳೋಕೆ ಹೋಗಿದ್ದು ಒಂದೇ ಮಾತು. ಕ್ಲಿನಿಕ್‌ನವರು ಬ್ಲಡ್ ಥಿನ್ನರ್ ಐದು ದಿನ ನಿಲ್ಲಿಸಿ ಬನ್ನಿ ಅಂತಿದಾರೆ ಸರ್, ನಿಲ್ಲಿಸಬಹುದಾ? ಅಷ್ಟೇ. ಗಾಬರಿಯಲ್ಲಿ ಮರೆತುಹೋಗಬಾರದು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಆ ಓಪಿಡಿಯಲ್ಲಿ ಡಾಕ್ಟ್ರ ಟೇಬಲ್ ಪಕ್ಕದಲ್ಲೇ ಮುಂದಿನ ನಾಲ್ಕು ಜನ ಫೈಲ್ ಹಿಡ್ಕೊಂಡು ನಿಂತಿರ್ತಾರೆ. ಅವರ ಕಾಯಿಲೆ ನಮಗೆ, ನಮ್ಮ ಕಾಯಿಲೆ ಅವರಿಗೆ ಎಲ್ಲಾ ಗೊತ್ತಾಗುತ್ತೆ.

"ಯಾವ ಆಪರೇಷನ್?" ಅಂದ್ರು. "ಎದೇದು ಸರ್" ಅಂದೆ, ಮೆಲ್ಲಗೆ. "ವಾಲ್ವ್ ಹಾಕಿಯಾಗಿದೆಯಲ್ಲಪ್ಪ, ಇನ್ಯಾವ ಎದೆ?" ನನ್ನ ಹೆಂಡತಿ ಮಧ್ಯೆ ಬಂದು, "ಅದಲ್ಲ ಡಾಕ್ಟ್ರೇ, ಇವರಿಗೆ ಎದೆ ಬೆಳೆದುಬಿಟ್ಟಿದೆ, ನೋವೂ ಇದೆ" ಅಂದ್ಲು. "ಶರ್ಟ್ ಬಿಚ್ಚು." ಪರದೆ ಇತ್ತು, ಗೋಡೆ ಕಡೆಗೆ ಸರಿಸಿ ಕಟ್ಟಿಟ್ಟಿದ್ರು. "ಇಲ್ಲೇನಾ ಸರ್?" "ಮತ್ತೆಲ್ಲಿ? ಬೇಗ."

ಬಿಚ್ಚಿದೆ. ಬನಿಯನ್ನೂ ತೆಗಿ ಅಂದ್ರು, ತೆಗೆದೆ. ಎದೆ ಮಧ್ಯದ ಉದ್ದ ಹೊಲಿಗೆ ಗುರುತು, ಅದರ ಎರಡೂ ಪಕ್ಕ ಇದು. ಡಾಕ್ಟ್ರು ಪೆನ್ನಿನ ತುದಿಯಲ್ಲಿ ತೋರಿಸಿ "ಬನ್ನಿ, ಬನ್ನಿ, ಎಲ್ಲರೂ ನೋಡಿ" ಅಂತ ಹುಡುಗರನ್ನ ಕರೆದ್ರು. ಒಬ್ಬೊಬ್ಬರಾಗಿ ಒತ್ತಿ ನೋಡಿದ್ರು. ನೋವಾಗುತ್ತೆ ಅಂದೆ, ಯಾರ ಕಿವಿಗೂ ಬೀಳಲಿಲ್ಲ. ಒಬ್ಬಳು ಹುಡುಗಿ ಮಾತ್ರ ಒತ್ತಲಿಲ್ಲ, ತಲೆ ತಗ್ಗಿಸಿ ಹಿಂದೆ ನಿಂತಳು. "ಇಂಥದ್ದು ಕಂಡ್ರೆ ಮೊದಲು ಏನು ಕೇಳಬೇಕು?" "ಯಾವ ಮಾತ್ರೆ ತಗೋತಿದಾರೆ ಅಂತ ಸರ್." "ಯಾವುದು ಮಾಡುತ್ತೆ ಇದನ್ನ?" "ಸ್ಪೈರೋನೋಲ್ಯಾಕ್ಟೋನ್ ಸರ್." "ವೆರಿ ಗುಡ್. ಬದಲಿಗೆ ಏನು ಕೊಡಬಹುದು?" "ಎಪ್ಲೆರಿನೋನ್ ಸರ್." "ವೆರಿ ಗುಡ್."

ಎಲ್ಲಾ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುತ್ತೆ ಡಾಕ್ಟ್ರೇ. ಸ್ಪೈರೋನೋಲ್ಯಾಕ್ಟೋನ್ ಅನ್ನೋ ಆ ಹಾರ್ಟಿನ ಮಾತ್ರೆ ವರ್ಷಗಟ್ಟಲೆಯಿಂದ ನನ್ನ ಡಬ್ಬಿಯಲ್ಲಿದೆ. ನೀವೇ ಬರೆದುಕೊಟ್ಟಿದ್ದು.

ಆಮೇಲೆ ನನ್ನ ಕಡೆ ತಿರುಗಿದ್ರು. "ಬದುಕಿದೀಯಲ್ಲ, ಅದಕ್ಕೆ ಸಂತೋಷ ಪಡು. ಈ ವಯಸ್ಸಿನಲ್ಲಿ ಎದೆ ಯಾರಿಗೆ ತೋರಿಸಬೇಕು?" ಹಿಂದೆ ನಿಂತಿದ್ದ ಯಾರೋ ನಕ್ಕರು. ಹೆಂಡತಿ ನನ್ನ ಬನಿಯನ್ ಹಿಡ್ಕೊಂಡು ನಿಂತಿದ್ಲು, ಅವಳ ಮುಖ ನೋಡೋಕಾಗಲಿಲ್ಲ. ಫೈಲಿನಲ್ಲಿ ಗೀಚಿದ್ದು ಏನು ಗೊತ್ತಾ? ಅದೇ ಮಾತ್ರೆಗಳನ್ನ ಮುಂದುವರಿಸಿ ಅಂತ. ಅದೂ ಸೇರಿ. ಪಾಠ ಮಾಡಿದ್ದು ಒಂದು, ಬರೆದಿದ್ದು ಇನ್ನೊಂದು. ಚೀಟಿ ಜೇಬಿನಲ್ಲೇ ಉಳೀತು.

ನಾನೂ ಪಾಠ ಮಾಡೋನೇ, ಹೈಸ್ಕೂಲ್ ಮೇಷ್ಟ್ರು. ಕ್ಲಾಸಿನ ಮಧ್ಯೆ ಒಬ್ಬ ಹುಡುಗನ ಅಂಗಿ ಬಿಚ್ಚಿಸಿ ಉಳಿದವರಿಗೆ ಪಾಠ ಹೇಳಿದ್ರೆ ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ. ಹೋಗಬೇಕು ಕೂಡ. ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದಾಗ ಹಿಂದಿನ ಬೆಂಚಿನಲ್ಲಿ ಏನು ಗುಸುಗುಸು ಆಗುತ್ತೆ ಅಂತ ನನಗೆ ಗೊತ್ತು. ಮೆಟ್ರೋದಲ್ಲಿ ಸೆಕ್ಯುರಿಟಿಯವನು ಎದೆ ತಟ್ಟಿ ನೋಡಿ ಒಂದು ಕ್ಷಣ ನಿಲ್ಲಿಸ್ತಾನೆ ಅಂತ ಬಿಎಂಟಿಸಿಯಲ್ಲೇ ಓಡಾಡ್ತೀನಿ, ಬ್ಯಾಗನ್ನ ಎದೆಗೆ ಒತ್ತಿ ಹಿಡ್ಕೊಂಡು. ಇದಕ್ಕೆ ಚಂದ ಕಾಣೋ ಆಸೆ ಅಂತ ಹೆಸರಿಟ್ಟರೆ ಏನು ಹೇಳೋದು?

ಮನೆಗೆ ಬಂದವನೇ ಓದೋಕೆ ಕೂತೆ. 1999ರಲ್ಲೇ ಬಂದಿದೆ, ರೇಲ್ಸ್ ಅನ್ನೋ ದೊಡ್ಡ ಅಧ್ಯಯನ. ಹಾರ್ಟ್ ಪಂಪಿಂಗ್ ತೀರಾ ಕಮ್ಮಿ ಇರೋರಿಗೆ ಸ್ಪೈರೋನೋಲ್ಯಾಕ್ಟೋನ್ ಕೊಟ್ಟಾಗ ಸಾವು 30 ಶೇಕಡಾ ಇಳಿದಿತ್ತು. ಅದೇ ಅಧ್ಯಯನದಲ್ಲಿ, ಆ ಮಾತ್ರೆ ತಗೊಂಡ ಗಂಡಸರಲ್ಲಿ 10 ಶೇಕಡಾ ಜನಕ್ಕೆ ಎದೆ ಬೆಳೆದಿತ್ತು, ಇಲ್ಲಾ ನೋವು ಬಂದಿತ್ತು. ಹೋಲಿಸಿ ನೋಡೋಕೆ ಕೊಟ್ಟ, ಔಷಧಿಯಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಬರೀ 1 ಶೇಕಡಾ. ಗುಟ್ಟಿನ ವಿಷಯ ಅಲ್ಲ ಇದು, ಆ ಹುಡುಗರಿಗೂ ಬಾಯಿಪಾಠ ಬರುತ್ತೆ. ನನಗೆ ಹೊಟ್ಟೆ ಉರಿದಿದ್ದು ಮುಂದಿನದನ್ನ ಓದಿ. ಶುರುವಿನಲ್ಲೇ ಮಾತ್ರೆ ಬದಲಿಸಿದ್ರೆ ಎಷ್ಟೋ ಜನಕ್ಕೆ ಇಳಿದುಹೋಗುತ್ತಂತೆ. ವರ್ಷ ದಾಟಿದ್ರೆ ಒಳಗಿನ ಗ್ರಂಥಿ ನಾರು ಕಟ್ಟುತ್ತೆ, ಆಮೇಲೆ ಮಾತ್ರೆ ಬದಲಿಸಿದ್ರೂ ಸಾಮಾನ್ಯವಾಗಿ ಕರಗಲ್ಲ, ಕತ್ತರಿಸಿಯೇ ತೆಗೀಬೇಕು. ಮೊದಲ ವರ್ಷವೇ ನೋವು ಅಂತ ಹೇಳಿದ್ದೆ. "ದಪ್ಪ ಆಗಿದೀಯ, ವಾಕಿಂಗ್ ಮಾಡು" ಅಂದಿದ್ರು.

ಆ ಮಾತ್ರೆ ನನ್ನ ಜೀವ ಹಿಡಿದಿದೆ, ಒಪ್ತೀನಿ. ಆ ಡಾಕ್ಟ್ರೂ ಕೆಟ್ಟವರಲ್ಲ. ದಿನಕ್ಕೆ ನೂರಾರು ಜನ ನೋಡ್ತಾರೆ, ನನ್ನಂಥೋರು ಬಿಡಿಗಾಸಿಲ್ಲದೆ ಬಂದಾಗ ವಾಲ್ವ್ ಹಾಕಿ ಕಳಿಸಿದಾರೆ. ಹೋಗ್ಲಿ, ಲೂಸ್ ಶರ್ಟ್ ಹಾಕ್ಕೊಂಡು ಇದ್ದುಬಿಡೋಣ ಅಂತ ಬಸ್ಸಿನಲ್ಲಿ ತೀರ್ಮಾನ ಮಾಡಿದ್ದೆ. ಮನೆ ಬಾಗಿಲು ತೆಗೆಯೋಷ್ಟರಲ್ಲಿ ಆ ನಗು ಮತ್ತೆ ಕಿವಿಗೆ ಬಂತು. ಯಾಕೆ ಬಿಡಬೇಕು? ನಾನು ಕೇಳಿದ್ದು ದಯೆ ಅಲ್ಲ, ಮಾಹಿತಿ.

ಇನ್ನು ಆ ಕ್ಲಿನಿಕ್. ಅಲ್ಲಿ ಎಷ್ಟು ಮರ್ಯಾದೆ! "ಬನ್ನಿ ಸರ್, ಕೂತ್ಕೊಳ್ಳಿ ಸರ್, ಬೆಳಿಗ್ಗೆ ಬಂದ್ರೆ ಸಂಜೆ ಮನೆ, ಇಎಂಐ ಇದೆ ಸರ್." ಹೃದಯದ ಎಡಭಾಗದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ವಾಲ್ವ್ ಇದೆ ಅಂತ ಫಾರಂನಲ್ಲಿ ಬರೆದೆ, ಬಾಯಲ್ಲೂ ಹೇಳಿದೆ. ಕೌನ್ಸೆಲರ್ ಅಂತ ಕೂತಿದ್ದ ಹುಡುಗ "ಏನೂ ತೊಂದರೆಯಿಲ್ಲ, ವಾರ್ಫರಿನ್ ಐದು ದಿನ ನಿಲ್ಲಿಸಿ" ಅಂದ. ನನ್ನ ಬ್ಲಡ್ ಥಿನ್ನರ್ ಹೆಸರೇ ಅದು. ಹೃದಯದ ಸ್ಕ್ಯಾನ್, ಎಕೋ ರಿಪೋರ್ಟ್ ಮುಟ್ಟಲಿಲ್ಲ. ಅರಿವಳಿಕೆ ಡಾಕ್ಟ್ರು ಯಾರು ಅಂದ್ರೆ, ಆವತ್ತು ಬರ್ತಾರೆ ಅಂದ.

ನನ್ನ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು, ಅಂದ್ರೆ ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಆಗುತ್ತೆ ಅನ್ನೋ ಲೆಕ್ಕ. ಸುಮ್ಮನೆ ಐದು ದಿನ ನಿಲ್ಲಿಸಿದ್ರೆ ರಕ್ತ ವಾಲ್ವ್ ಮೇಲೆ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದ್ರೆ ಪಾರ್ಶ್ವವಾಯು. ಅದಕ್ಕೇ ನನ್ನಂಥೋರಿಗೆ ನಿಲ್ಲಿಸಲೇಬೇಕಾದಾಗ ಮಧ್ಯೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಇಂಜೆಕ್ಷನ್ ಕೊಡೋ ಪದ್ಧತಿ ಇದೆ, ಲೆಕ್ಕ ಹಾಕಿ, ಹಾರ್ಟ್ ಡಾಕ್ಟ್ರನ್ನ ಕೇಳಿ. ನಿಲ್ಲಿಸದೇ ಕತ್ತರಿಸಿದ್ರೆ ಗಾಯದೊಳಗೆ ರಕ್ತ ಸೋರಿ ತುಂಬಿಕೊಳ್ಳಬಹುದು. ಈ ಆಪರೇಷನ್‌ನಲ್ಲಿ ಆರೋಗ್ಯವಂತರಿಗೂ ಹೆಚ್ಚಾಗಿ ಕಾಣೋ ತೊಂದರೆಯೇ ಅದು. ಎದೆಯ ಕೊಬ್ಬನ್ನ ಹೀರಿ ತೆಗೆಯೋ ಮೊದಲು ಒಳಗೆ ಬಿಡೋ ದ್ರಾವಣದಲ್ಲಿ ಅಡ್ರಿನಾಲಿನ್ ಇರುತ್ತೆ, ಎದೆಬಡಿತ ಏರಿಸಬಹುದು. ದ್ರವ ಹೆಚ್ಚಾದ್ರೆ ಪಂಪಿಂಗ್ ಕಮ್ಮಿ ಇರೋನ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎದೆಯ ಹೊರಪದರದ ಆಪರೇಷನ್ ಸಣ್ಣದೇ ಇರಬಹುದು. ಅದನ್ನ ಮಾಡಿಸಿಕೊಳ್ಳೋ ಹೃದಯ ಎಂಥದ್ದು ಅಂತ ಒಬ್ಬರಾದ್ರೂ ನೋಡಬೇಡವಾ? 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಆಪರೇಷನ್ ಆದ ಮೇಲೆ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ್ರು. 21 ವರ್ಷ ಆ ಮಗುವಿಗೆ. ಟಿವಿಯಲ್ಲಿ ಕೂಗಾಡಿದ್ವಿ, ಮರೆತ್ವಿ.

ಸಹಿ ಹಾಕಿ ಅಂತ ಇಂಗ್ಲಿಷಿನ ಒಪ್ಪಿಗೆ ಪತ್ರ ಬೇರೆ ತಳ್ಳಿದ್ರು. ಏನು ಮಾಡ್ತಾರೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ಮೊದಲೇ ತಿಳಿಸದೆ ತಗೊಂಡ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ 2008ರಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೇಳಿ ಏನು ಪ್ರಯೋಜನ? ನಾನು ಸಹಿ ಹಾಕಲಿಲ್ಲ, ಎದ್ದು ಬಂದೆ. ಎದ್ದು ಬಂದು ಹಾರ್ಟ್ ಡಾಕ್ಟ್ರನ್ನ ಕೇಳೋಕೆ ಹೋಗಿದ್ದಕ್ಕೇ ತಾನೇ ಇವತ್ತು ಈ ಮಾನ ಹೋಗಿದ್ದು. ಇನ್ಶೂರೆನ್ಸ್‌ನವರ ಕಥೆ ಒಂದೇ ಸಾಲಿನದು: ಕಾಸ್ಮೆಟಿಕ್, ಕೊಡಲ್ಲ. ಆರೋಗ್ಯಕ್ಕಿರೋ ನೇರ ಅಪಾಯ ತಪ್ಪಿಸೋ ಚಿಕಿತ್ಸೆಯ ಭಾಗವಾಗಿ ಬೇಕೇಬೇಕು ಅಂತ ಡಾಕ್ಟ್ರು ಬರೆದುಕೊಟ್ರೆ ನಿಯಮದಲ್ಲೇ ವಿನಾಯಿತಿ ಇದೆ. ಬರೆದುಕೊಡೋರು ಯಾರು, "ಯಾರಿಗೆ ತೋರಿಸಬೇಕು" ಅಂದವರಾ?

ಯಾವ ಮಾತ್ರೆಯನ್ನೂ ನಾನಾಗಿ ನಿಲ್ಲಿಸಿಲ್ಲ, ನಿಲ್ಲಿಸೋದೂ ಇಲ್ಲ. ಇದನ್ನ ಓದೋರಲ್ಲಿ ಹಾರ್ಟ್ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು ಯಾರಾದ್ರೂ ಇದ್ರೆ ಹೇಳಿ, ನನ್ನಂಥೋನು ಯಾರ ಬಾಗಿಲಿಗೆ ಹೋಗಬೇಕು? ಹೃದಯದವರು ಎದೆ ನೋಡಿ ನಗ್ತಾರೆ, ಎದೆಯವರು ಹೃದಯ ನೋಡೋದೇ ಇಲ್ಲ. ಇಬ್ಬರೂ ಒಂದು ಫೋನಿನಲ್ಲಿ ಮಾತಾಡೋದು ಅಷ್ಟು ಕಷ್ಟವಾ? ಮಾಡಿಸಬೇಡ ಅನ್ನೋದಾದ್ರೆ ಹಾಗೇ ಹೇಳಿ, ಕಾರಣ ಹೇಳಿ, ಕೈಮುಗಿದು ಸುಮ್ಮನಾಗ್ತೀನಿ. ಆಗುತ್ತೆ ಅನ್ನೋದಾದ್ರೆ ಯಾವತ್ತು ಮಾತ್ರೆ ನಿಲ್ಲಬೇಕು, ಯಾವತ್ತು ಇಂಜೆಕ್ಷನ್, ಯಾವತ್ತು ಮತ್ತೆ ಶುರು, ಇಷ್ಟನ್ನ ಬರೆದು ಕೆಳಗೆ ಒಬ್ಬರು ಸಹಿ ಹಾಕಿ. ಈಗಷ್ಟೇ ಆ ಕ್ಲಿನಿಕ್‌ನಿಂದ ಇನ್ನೊಂದು ಮೆಸೇಜ್ ಬಂತು, ತಿಂಗಳ ಕೊನೆಯೊಳಗೆ ಬುಕ್ ಮಾಡಿದ್ರೆ ರಿಯಾಯಿತಿ ಅಂತೆ. ಯಾರಾದ್ರೂ ಉತ್ತರ ಕೊಡ್ರೀ.